ಚುಚ್ಚಿ ಓಡದ ನರ್ಸಮ್ಮ

ಪಕ್ಕದ ಬೀದಿಯ ಮಕ್ಕಳಿಗೆ ನಾಯಿಕೆಮ್ಮು ಹಿಡಿದಿತ್ತು. ಈ ಓಣಿಯ ಹನ್ನೆರಡು ಮನೆಯಲ್ಲಿ ಒಂದು ಮಗುವಿಗೂ ಲಸಿಕೆ ಆಗಿರಲಿಲ್ಲ. ಓಣಿಯವರೆಲ್ಲ ಮೂಲೆಮನೆ ಅಜ್ಜಿ ಹಾಕಿದ ಗೆರೆ ದಾಟದವರು. ಇಪ್ಪತ್ತು ವರ್ಷ ಲಸಿಕೆ ಪೆಟ್ಟಿಗೆ ಹೊತ್ತು ಚಪ್ಪಲಿ ಸವೆಸಿದ್ದ ನರ್ಸಮ್ಮ ನೇರವಾಗಿ ಅಜ್ಜಿಯ ಬಾಗಿಲಿಗೇ ಬಂದಳು.

"ಬಂದ್ಯಾ ತಾಯಿ? ದೊರೆಗಳ ಕಾಲದಲ್ಲಿ ಪೊಲೀಸರನ್ನ ಕರ್ಕೊಂಡು ಬಂದು ನಮ್ಮಮ್ಮನ ಕೈ ಹಿಡಿದು ಚುಚ್ಚಿದ್ರಂತೆ. ಜ್ವರ ಬಂದಾಗ ಒಬ್ಬರೂ ತಿರುಗಿ ನೋಡ್ಲಿಲ್ಲ. ನೀವೂ ಅಷ್ಟೇ. ಚುಚ್ಚೋದು, ಓಡೋದು!"

"ಓಡೋಕೆ ನನಗೆ ಮಂಡಿನೋವು ಅಜ್ಜಿ," ನರ್ಸಮ್ಮ ನಕ್ಕಳು. "ಜ್ವರ ಬಂದ್ರೂ ಬರುತ್ತೆ, ಸುಳ್ಳು ಹೇಳಲ್ಲ. ಅದು ಬಿಡೋವರೆಗೂ ನಾನು ಇಲ್ಲೇ ಇರ್ತೀನಿ."

ಇವಳ ಮಾತು ಎಷ್ಟು ಗಟ್ಟಿ ನೋಡೇಬಿಡೋಣ ಎಂದು ಅಜ್ಜಿ ಮೊಮ್ಮಗಳನ್ನು ಮುಂದೆ ಕೂರಿಸಿ ಚುಚ್ಚಿಸಿದಳು. ಮಧ್ಯಾಹ್ನಕ್ಕೆ ಮಗುವಿನ ಮೈ ಬಿಸಿಯಾಯಿತು. ನರ್ಸಮ್ಮ ಔಷಧಿ ಕುಡಿಸಿದಳು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದಳು, ಬಿಡುವಿನಲ್ಲಿ ಅಜ್ಜಿಯ ಬೇಳೆ ಆರಿಸಿ, ಕಲ್ಲು ಉಳಿಸಿದ್ದಕ್ಕೆ ಬೈಸಿಕೊಂಡಳು. ಮನೆಗೆ ಹೋಗಲೇ ಇಲ್ಲ.

ಬೆಳಿಗ್ಗೆ ಜ್ವರ ಇಳಿದು ಮಗು ನರ್ಸಮ್ಮನ ಕನ್ನಡಕ ಕಿತ್ತುಕೊಂಡಿತು. ಅಜ್ಜಿ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಇವಳು ಹೋಗಿ ಇನ್ನಷ್ಟು ಲಸಿಕೆ ತರೋದ್ರೊಳಗೆ ಮಕ್ಕಳನ್ನೆಲ್ಲ ನಮ್ಮನೆಗೇ ಕರ್ಕೊಂಡು ಬನ್ರೇ! ಒಂದೇ ಸಲ ಜ್ವರ ಬರ್ಲಿ. ಇವಳೊಬ್ಬಳು ಎಷ್ಟು ಮನೆ ಅಂತ ಕಾಯ್ತಾಳೆ?"