ಮೈಯಿಲ್ಲದ ಹಾವು

ಗಜೇಂದ್ರಗಡದ ಗುಡ್ಡದ ರಸ್ತೆಯಲ್ಲಿ ಆ ಹಾವು ಸಿಕ್ಕಾಗ ಅದು ಸತ್ತು ಬಹಳ ಹೊತ್ತಾಗಿರಲಿಲ್ಲ. ಯಾವುದೋ ಗಾಡಿಯ ಗಾಲಿ ತಲೆಯ ಮೇಲೆ ಹಾದುಹೋಗಿತ್ತು. ಮೊಳದುದ್ದದ ಕಂದು ಹಾವು, ಬೆನ್ನ ಮೇಲೆ ಮಸುಕಾದ ಪಟ್ಟಿಗಳು. ನನ್ನ ತಂಗಿ ಬೈಕಿನಿಂದ ಇಳಿದು ಸುರಿಯುವ ಮಳೆಯಲ್ಲೇ ರಸ್ತೆ ಮೇಲೆ ಕೂತುಬಿಟ್ಟಳು.

ಅವಳು ದೂರದ ಪಟ್ಟಣದ ಒಂದು ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಾಳೆ. ಸತ್ತ ಹಾವು, ಹಲ್ಲಿ, ಓತಿಕ್ಯಾತಗಳನ್ನು ಬಾಟಲಿಯಲ್ಲಿಟ್ಟು ಕಾಯುವ ಜಾಗ ಅದು. ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು. ಅವಳು ಊರಿಗೆ ಬಂದಾಗ ಗುಡ್ಡ ತಿರುಗಿಸುವುದು ನನ್ನ ಕೆಲಸ.

ಮನೆಗೆ ತಂದ ಮೇಲೆ ಅವಳು ಹಾವಿನ ಹೊಟ್ಟೆಯ ಪಕ್ಕದಲ್ಲಿ ಬ್ಲೇಡಿನಿಂದ ಸಣ್ಣಗೆ ಸೀಳಿ, ಕಡಲೆಕಾಳಿನಷ್ಟು ಮಾಂಸ ತೆಗೆದು ಸ್ಪಿರಿಟ್ ತುಂಬಿದ ಪುಟ್ಟ ನಳಿಕೆಗೆ ಹಾಕಿದಳು. ದಪ್ಪ ಕಾಗದದ ಚೀಟಿಯ ಮೇಲೆ ಪೆನ್ಸಿಲಿನಿಂದ ನಂಬರು, ಊರು ಬರೆದು ಹಾವಿನ ಮೈಗೆ ದಾರದಿಂದ ಕಟ್ಟಿದಳು. ಅದೇ ನಂಬರು ನಳಿಕೆಯ ಮೇಲೂ ಬಿತ್ತು.

"ಯಣ್ಣಾ, ಈ ಮಾಂಸದಾಗ ಒಂದು ಬರಹ ಇರತೈತಿ, ಡಿಎನ್ಎ ಅಂತಾರ. ಮಷೀನು ಅದನ್ನ ಓದಿ ಕಂಪ್ಯೂಟರಿನ್ಯಾಗ ಇಡತೈತಿ. ಜಗತ್ತಿನ್ಯಾಗ ಯಾರರ ತಗದು ನೋಡಬಹುದು. ಆದ್ರ ಅದು ಯಾರ ಬರಹ ಅಂತ ಕೇಳಿದ್ರ ತೋರಸಾಕ ಮೈ ಬೇಕು."

"ಆಧಾರ್ ಕಾರ್ಡ್ ಇದ್ದಂಗ ಅನ್ನು."

"ಹೂಂ. ಕಾರ್ಡ್ ಐತಿ, ಮನಷ್ಯಾನ ಇಲ್ಲ ಅಂದ್ರ ಹ್ಯಾಂಗ?"

ನಕ್ಕೆವು. ಹಾವಿನ ಮೈ ಫಾರ್ಮಲಿನ್ ನೀರಿನಲ್ಲಿ ಕೆಲವು ದಿನ ಗಟ್ಟಿಯಾಗಬೇಕಿತ್ತು. ಅವಳಿಗೆ ರಜೆ ಇರಲಿಲ್ಲ. ನಳಿಕೆಯನ್ನಷ್ಟೇ ಒಯ್ದಳು, ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಹುರುಪೆಗಳನ್ನು ಎಣಿಸಿ ಯಾವ ಜಾತಿ ಎಂದು ನೋಡುವ ಕೆಲಸ ಇನ್ನೂ ಬಾಕಿ ಇತ್ತು. ಮಳೆಯಲ್ಲಿ ತೆಗೆದ ಫೋಟೊಗಳು ಮಸುಕಾಗಿದ್ದವು.

ಬಾಟಲಿಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಗಾಜು ಮತ್ತು ನೀರಿನಿಂದಾಗಿ ಹಾವು ಇದ್ದದ್ದಕ್ಕಿಂತ ದಪ್ಪ ಕಾಣುತ್ತಿತ್ತು. ಎತ್ತ ನಿಂತು ನೋಡಿದರೂ ಆ ಜಜ್ಜಿದ ತಲೆ ನನ್ನ ಕಡೆಗೇ ತಿರುಗಿದಂತಿತ್ತು. ಅದಕ್ಕೆ ಕಣ್ಣೇ ಉಳಿದಿರಲಿಲ್ಲ. ಎಮ್ಮೆ ಆ ಗೋಡೆಯ ಹತ್ತಿರ ಹೋಗದೆ ಹಗ್ಗ ಜಗ್ಗತೊಡಗಿತು. ಅದನ್ನು ಬೇರೆ ಗೂಟಕ್ಕೆ ಕಟ್ಟಿದೆ. ವಾಸನೆಗೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸೆಗಣಿ ಬಳಿಯಲು ಹೋದ ನನ್ನ ಹೆಂಡತಿ ಅರ್ಧಕ್ಕೇ ಹೊರಗೆ ಬಂದಳು.

"ಒಳಗಿಂದ ಗಾಜು ಬಡದಂಗ ಆತ್ರಿ," ಅಂದಳು.

ಅವಳು ಬಸುರಿ. ಹಿಂದೆ ಎರಡು ಸಲ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಅವ್ವ ಅದನ್ನು ಕೇಳಿಸಿಕೊಂಡಳು.

"ಬೆಂಕಿ ಕಾಣದ ಮೈ ಮನ್ಯಾಗ ಕುಂತೈತಿ. ಬಸುರಿ ಹೆಣ್ಣಮಗಳು ಅದರ ಮುಂದ ಓಡ್ಯಾಡತಾಳ. ನಿನಗೇನೂ ಅನಸೂದಿಲ್ಲೇನೋ?"

"ಅದು ನಾಗರಹಾವು ಅಲ್ಲಬೇ. ತಂಗಿ ಹೇಳ್ಯಾಳ."

"ತಂಗಿ ಹೆಡಿ ನೋಡ್ಯಾಳೇನು? ತಲಿನ ಜಜ್ಜಿ ಹೋಗೈತಿ. ಹೆಡಿ ಇತ್ತೋ ಇಲ್ಲೋ ನೋಡಿದವರ ಯಾರು?"

ನಮ್ಮ ಕಡೆ ಸತ್ತ ನಾಗರಹಾವು ಕಣ್ಣಿಗೆ ಬಿದ್ದರೆ ಸುಮ್ಮನೆ ದಾಟಿ ಹೋಗುವುದಿಲ್ಲ. ಮನುಷ್ಯರಿಗೆ ಮಾಡಿದಂತೆ ಅದಕ್ಕೂ ಸಂಸ್ಕಾರ ಮಾಡುತ್ತೇವೆ. ತಂಗಿಗೆ ಫೋನು ಮಾಡಿ ಬಾಟಲಿಯನ್ನು ಹೊಲದ ಗುಡಿಸಲಿಗೆ ಒಯ್ಯುತ್ತೇನೆ ಎಂದಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ನನಗೂ ಒಳಗೆ ಅಂಜಿಕೆ ಹೊಕ್ಕಿತ್ತು.

ಅಮಾವಾಸ್ಯೆಯ ಸಂಜೆ ಹೊಲದ ಬದುವಿನಲ್ಲಿ ಸೆಗಣಿಯ ಕುಳ್ಳು, ತೊಗರಿಕಟ್ಟಿಗೆ ಒಟ್ಟಿದೆ. ಅವ್ವ ತುಪ್ಪ ತಂದಳು, ತಾಮ್ರದ ದುಡ್ಡು ತಂದಳು. ಹಾವನ್ನು ಬಾಟಲಿಯಿಂದ ತೆಗೆದಾಗ ಅದರ ಮೈಗೆ ಕಟ್ಟಿದ ಚೀಟಿ ಕಂಡಿತು. ತಂಗಿಯ ಅಕ್ಷರ. ಅದನ್ನು ಬೆಂಕಿಗೆ ಹಾಕಲು ಮನಸ್ಸಾಗಲಿಲ್ಲ. ಬಿಚ್ಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಹಾವು ಲಗೂನ ಸುಡಲಿಲ್ಲ. ಹೊಗೆ ಕಣ್ಣು, ಮೂಗು ಉರಿಸಿತು. ಬಾಟಲಿಯಲ್ಲಿ ಹೇಗೆ ಸುರುಳಿ ಸುತ್ತಿ ಗಟ್ಟಿಯಾಗಿತ್ತೋ ಹಾಗೆಯೇ ಕೆಂಡದ ಮೇಲೆ ಕೂತಿತ್ತು. ಕಪ್ಪಾಯಿತು, ಬಿರಿಯಿತು, ಸುರುಳಿ ಮಾತ್ರ ಬಿಡಲಿಲ್ಲ. ಅವ್ವ ಕೈಮುಗಿದು ನಿಂತೇ ಇದ್ದಳು. ನಾನು ಕೋಲಿನಿಂದ ತಿವಿದು ಮುರಿಯಬೇಕಾಯಿತು. ಮರುದಿನ ಹೊಳೆಮಣ್ಣೂರಿಗೆ ಹೋಗಿ ಬೂದಿಯನ್ನು ಮಲಪ್ರಭೆಗೆ ಬಿಟ್ಟು, ಮುಳುಗಿ ಬಂದೆ.

"ಯಣ್ಣಾ, ಬಾಟ್ಲಿ ಹ್ಯಾಂಗೈತಿ?" ತಂಗಿಯ ಫೋನು ಬಂತು.

"ಚಲೋ ಐತಿ," ಅಂದೆ.

"ಮುಂದಿನ ವಾರ ಬರ್ತೀನಿ. ನಿನ್ನ ಕಡೆ ಐತಿ ಅಂತ ನನಗ ಚಿಂತಿಲ್ಲ."

ಆ ವಾರವೇ ಟ್ರ್ಯಾಕ್ಟರ್ ತಗೊಂಡು ಶಿರೋಳಕ್ಕೆ ಮೇವು ತರಲು ಹೋದೆ. ಬಣವೆ ಬಿಚ್ಚುತ್ತಿದ್ದ ಆಳುಗಳು ಒಂದು ಹಾವನ್ನು ತಲೆಗೆ ಹೊಡೆದು ಕೊಂದು ಎಸೆದಿದ್ದರು. ಮೊಳದುದ್ದ. ಕಂದು. ಬೆನ್ನ ಮೇಲೆ ಮಸುಕಾದ ಪಟ್ಟಿಗಳು. ನಾನು ಅದನ್ನು ಹುಡುಕಿರಲಿಲ್ಲ. ಅದಾಗಿಯೇ ನನ್ನ ಗಾಲಿಯ ಮುಂದೆ ಬಂದು ಬಿದ್ದಿತ್ತು.

ಹಾವೆಂದರೆ ಹಾವೇ ಅಲ್ಲವೇ, ಒಂದರ ಬದಲು ಇನ್ನೊಂದು ಎಂದುಕೊಂಡೆ. ಅಷ್ಟೇ ಆಗಿದ್ದರೆ ದಡ್ಡತನ ಅನ್ನಬಹುದಿತ್ತು. ಆದರೆ ನಾನು ಬ್ಲೇಡು ತಂದು, ತಂಗಿ ಸೀಳಿದ ಜಾಗದಲ್ಲೇ, ಅವಳು ಸೀಳಿದಷ್ಟೇ ಸೀಳಿ, ಕಾಳಿನಷ್ಟು ಮಾಂಸ ತೆಗೆದು ಕೋಳಿಗೆ ಎಸೆದೆ. ಗಜೇಂದ್ರಗಡದ ಚೀಟಿಯನ್ನು ಶಿರೋಳದ ಹಾವಿಗೆ ಕಟ್ಟಿ, ಅದೇ ಬಾಟಲಿಯ ನೀರಿಗೆ ಇಳಿಬಿಟ್ಟೆ. ದಡ್ಡರು ಅಷ್ಟು ಜಾಗರೂಕತೆಯಿಂದ ಕೆಲಸ ಮಾಡುವುದಿಲ್ಲ.

ತಂಗಿ ಬಂದು ಬಾಟಲಿಯನ್ನು ಎತ್ತಿ ನೋಡಿ ನನ್ನ ಬೆನ್ನು ತಟ್ಟಿದಳು.

ಹೆಂಡತಿಗೆ ಹೆಣ್ಣುಮಗು ಆಯಿತು. ಗಟ್ಟಿಮುಟ್ಟಾಗಿದೆ. ಅವ್ವ ಇಂದಿಗೂ ಅದು ಆ ಬೆಂಕಿಯ ಫಲ ಅನ್ನುತ್ತಾಳೆ. ಮಗುವನ್ನು ಎತ್ತಿಕೊಂಡಾಗ ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಇದನ್ನು ತಂಗಿಗೆ ಹೇಳಿಲ್ಲ.

ಮಗು ಅಂಬೆಗಾಲಿಡುವ ಹೊತ್ತಿಗೆ ತಂಗಿಯ ಫೋನು ಬಂತು. ದನಿ ಬೇರೆಯೇ ಇತ್ತು.

"ಯಣ್ಣಾ, ಆ ಹಾವಿನ ಮೈ ನೋಡಿದ್ರ ಎಲ್ಲಾ ಕಡೆ ಸಿಗೋ ಹಾವು. ಮಾಂಸದ ಬರಹ ನೋಡಿದ್ರ ಈವರೆಗೂ ಯಾರೂ ಕಾಣದ ಹಾವು. ಒಂದ ಜೀವ, ಎರಡು ಮಾತು ಆಡಾಕತ್ತೈತಿ."

"ಮಷೀನ ತಪ್ಪಿರಬೇಕು."

"ಎರಡು ಸಲ ಓದಿಸೀನಿ. ಹೊರಗ ಒಂದ ಥರ ಕಂಡು ಒಳಗ ಬ್ಯಾರೆನ ಇರೋ ಹಾವುಗಳು ಇರತಾವು. ಇದು ಹೊಸಾದು. ನಾನ ಹೆಸರು ಇಡ್ತೀನಿ. ನೀನೂ ಬಾ, ಎತ್ತಿ ತಂದವರೊಳಗ ನೀನೂ ಒಬ್ಬಾವ."

ಅವಳ ಸಂಗ್ರಹಾಲಯಕ್ಕೆ ಹೋದೆ. ತಣ್ಣನೆಯ ಉದ್ದ ಕೋಣೆ. ಛಾವಣಿಯವರೆಗೆ ಬಾಟಲಿಗಳು, ಒಳಗೆ ಬಣ್ಣ ಬಿಟ್ಟ ಹಾವುಗಳು, ಕಪ್ಪೆಗಳು. ಕಣ್ಣುಗಳೆಲ್ಲ ಬೇಯಿಸಿದ ತತ್ತಿಯಂತೆ ಬೆಳ್ಳಗಿದ್ದವು. ನಾವು ನಡೆದಾಗ ಹಲಗೆ ಅದುರಿ ಒಳಗಿನ ಮೈಗಳು ಸಣ್ಣಗೆ ಅಲುಗಿದವು. ತಂಗಿ ನಮ್ಮ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟಳು. ಗಜೇಂದ್ರಗಡ ಎಂಬ ಚೀಟಿ ಹೊತ್ತು ಶಿರೋಳದ ಹಾವು ನನ್ನ ಕಡೆ ತಿರುಗಿ ಕೂತಿತ್ತು. ಅದು ನನ್ನನ್ನು ಗುರುತಿಸಿತು ಅಂತ ಅನಿಸಿತು. ಹೀಗೆ ಬರೆಯಲು ನಾಚಿಕೆ, ಆದರೆ ಅನಿಸಿದ್ದು ಹಾಗೇ.

ಅಲ್ಲಿಯ ಹಿರಿಯ ಮೇಡಂ ಒಬ್ಬರು ಕನ್ನಡಕ ತೆಗೆದು ತಂಗಿಯನ್ನು ಕೇಳಿದರು. "ಚೀಟಿ ಅದಲುಬದಲಾಗಿರೋ ಸಾಧ್ಯತೆ ಇಲ್ಲ ತಾನೇ? ಇದನ್ನು ಪ್ರಕಟಿಸಿದರೆ ಮುಂದೆ ಎಲ್ಲರೂ ತಮ್ಮ ಹಾವನ್ನು ಇದಕ್ಕೆ ಹೋಲಿಸಿ ನೋಡ್ತಾರೆ. ತಪ್ಪಾದರೆ ಆ ಎಲ್ಲವೂ ತಪ್ಪಾಗುತ್ತೆ. ನಿನ್ನ ಮಾತನ್ನು ಆಮೇಲೆ ಯಾರೂ ನಂಬಲ್ಲ."

"ಸಾಧ್ಯನ ಇಲ್ರಿ ಮೇಡಂ. ನಮ್ಮಣ್ಣನ ಕೈಯಾಗ ಇತ್ರಿ."

"ಆ ಹಾವು ಇದಲ್ರಿ," ಅಂದೆ.

ಎಲ್ಲವನ್ನೂ ಹೇಳಿದೆ. ಬ್ಲೇಡಿನ ಮಾತು ಬಂದಾಗ ತಂಗಿ ಬಾಟಲಿಯಿಂದ ಕೈ ತೆಗೆದಳು. ಬೈಯಲಿಲ್ಲ.

"ಮೊದಲಿಂದು ಒಂದು ಎಲುಬರ ಉಳದೈತೇನು?"

"ಬೂದಿ ಹೊಳಿಗೆ ಬಿಟ್ಟೀನಿ."

"ಇದು ಶಿರೋಳದಾಗ ಎಲ್ಲಿದು?"

ಬಣವೆಯ ಜಾಗ ಹೇಳಿದೆ. ಅವಳು ಹೊಸ ಚೀಟಿ ಬರೆದು ಹಳೆಯದರ ಪಕ್ಕದಲ್ಲಿ ಕಟ್ಟಿದಳು. ಹಳೆಯದನ್ನು ಕಿತ್ತು ಎಸೆಯುವಂತಿಲ್ಲವಂತೆ, ತಪ್ಪೂ ದಾಖಲೆಯಲ್ಲಿ ಇರಬೇಕಂತೆ. ಹೊಸ ಹೆಸರಿಡುವ ಕೆಲಸ ಅಲ್ಲಿಗೇ ನಿಂತಿತು. ಮಾಂಸದ ಬರಹ ಈಗಲೂ ಕಂಪ್ಯೂಟರಿನಲ್ಲಿದೆ, ಇದಕ್ಕೆ ಮೈ ಇಲ್ಲ ಎಂಬ ಟಿಪ್ಪಣಿಯ ಜೊತೆಗೆ. ದೂರದ ದೇಶದಲ್ಲಿ ಯಾರೋ ಅದನ್ನು ತೆರೆದು ಇದು ಯಾವ ಹಾವು ಎಂದು ಕೇಳುತ್ತಿರಬಹುದು. ನಾನು ಕೋಲಿನಿಂದ ಮುರಿದದ್ದು ಅಲ್ಲಿ ಇನ್ನೂ ಸುರುಳಿ ಸುತ್ತಿ ಕೂತಿದೆ.

ಆಮೇಲಿನ ಪ್ರತಿ ಮಳೆಗಾಲಕ್ಕೆ ತಂಗಿ ಬರುತ್ತಾಳೆ. ಆ ಹಾವಿನ ಜಾತಿಯದು ಇನ್ನೊಂದು ಸಿಕ್ಕರೆ ಮಾತ್ರ ಆ ಬರಹಕ್ಕೆ ಮೈ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಸಂಜೆಯ ಮಳೆಯಲ್ಲಿ ಗುಡ್ಡದ ತಿರುವಿನಲ್ಲಿ ಒಂದು ಕಂದು ಹಾವು ಸತ್ತು ಬಿದ್ದಿತ್ತು. ನಾನು ಬೈಕು ನಿಲ್ಲಿಸಿ, ಬಗ್ಗಿ ಕೈ ಚಾಚಿದೆ.

"ನೀ ಮುಟ್ಟಬ್ಯಾಡ ಯಣ್ಣಾ," ಅಂದಳು. ಸಿಟ್ಟಿನ ದನಿಯಲ್ಲ.

ನಾನು ಸರಿದು ಬ್ಯಾಟರಿಯ ಬೆಳಕು ಹಿಡಿದೆ. ಅವಳು ಹುರುಪೆಗಳನ್ನು ಎಣಿಸಿದಳು. ಎಲ್ಲಾ ಕಡೆ ಸಿಗೋ ಹಾವೇ ಆಗಿತ್ತು.