ಗುಂಡ್ಯಾ ಎಲ್ಲಿ?

ಹಣಕೋಣದ ಕೇಶವ ಕಾರವಾರ–ಅಂಕೋಲೆ ಬಸ್ಸಿನ ಡ್ರೈವರ್ ಆಗಿದ್ದವನು. ಆ ದಾರಿಯ ಏರಿಳಿತ, ತಿರುವುಗಳೆಲ್ಲ ತನ್ನ ಕೈಗೇ ಗೊತ್ತು, ಕಣ್ಣು ಬೇಕಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಅಂಥವನು ಒಂದು ಮಧ್ಯಾಹ್ನ ಅವರ್ಸಾ ದಾಟಿದ ಮೇಲೆ ತುಂಬಿದ ಬಸ್ಸನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗ್ ಹಿಡಿದುಕೊಂಡೇ ಕೂತುಬಿಟ್ಟ. ಕಂಡಕ್ಟರ್ ಮುಂದೆ ಬಂದು ಏನಾಯಿತೆಂದು ಕೇಳಿದರೆ, "ಇಲ್ಲಿಂದ ಎತ್ಲಾಗೆ ಹೋಗುದು ಮಾರಾಯಾ?" ಎಂದ. ಜನ ತಮಾಷೆಯೆಂದು ನಕ್ಕರು. ಕಂಡಕ್ಟರ್ ನಗಲಿಲ್ಲ.

ಆಮೇಲೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಅದೂ ಆಗದೆ ನಿವೃತ್ತಿಗೆ ಮೊದಲೇ ಮನೆಗೆ ಬಂದ. ಹೆಂಡತಿ ಹೀರಾ, ಮಗ ಅಮಿತ ಇಬ್ಬರೂ ಸೇರಿ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಮಿದುಳಿನ ಫೋಟೋವನ್ನು ಬೆಳಕಿಗೆ ಹಿಡಿದು, ಇದು ಮಿದುಳು ಸೊರಗುತ್ತಾ ಹೋಗುವ ಕಾಯಿಲೆ, ವಾಸಿಯಾಗುವುದಲ್ಲ ಎಂದರು. "ಈಗ ಇದ್ದಷ್ಟಾದರೂ ಉಳೀತದಲ್ಲ?" ಎಂದು ಹೀರಾ ಕೇಳಿದಳು. ಡಾಕ್ಟರು ಅಮಿತನ ಮುಖ ನೋಡಿದರು.

ಮನೆಯ ಹಿಂದಿನ ಹಿತ್ತಿಲು ಮೊದಲಿನಿಂದಲೂ ಹೀರಾಳದು. ಮಳೆ ಶುರುವಾದಾಗೊಮ್ಮೆ, ನಿಂತಾಗೊಮ್ಮೆ ಕೆಂಪು ಹರಿವೆ ಬಿತ್ತುವಳು. ಬೆಂಡೆ, ಬದನೆ, ಮೊಗೆಕಾಯಿ ಹಾಕುವಳು. ಬಾವಿಯ ಬದಿಗೆ ಬಸಳೆಯ ಚಪ್ಪರ. ಕೇಶವ ಡ್ಯೂಟಿಯಲ್ಲಿದ್ದಷ್ಟು ವರ್ಷ ಆ ಕಡೆ ಕಾಲಿಟ್ಟವನಲ್ಲ. ಈಗ ಅವನಿಗೂ ಏನಾದರೂ ಕೆಲಸ ಬೇಕಲ್ಲ ಎಂದು ಹೀರಾ ಅವನ ಕೈಗೆ ಕೊಡ ಕೊಟ್ಟಳು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಅವನು ನೀರು ಹೊಯ್ಯುತ್ತಿದ್ದರೆ ಹಿಂದೆಯೇ ಗುಂಡ್ಯಾ ಸುತ್ತುತ್ತಿತ್ತು. ಡಿಪೋದ ಟಯರುಗಳ ನಡುವೆ ಹುಟ್ಟಿದ್ದ ಆ ಕಂದು ನಾಯಿಯನ್ನು ಮರಿಯಿದ್ದಾಗಲೇ ತನ್ನ ಖಾಕಿ ಅಂಗಿಯಲ್ಲಿ ಸುತ್ತಿಕೊಂಡು ಮನೆಗೆ ತಂದವನು ಕೇಶವನೇ.

ಒಂದು ಬೆಳಿಗ್ಗೆ ಹೀರಾ ಮೀನು ಕೊಂಡು ಬರುವಷ್ಟರಲ್ಲಿ ಬೆಂಡೆಯ ಸಾಲು ಪೂರ್ತಿ ಬೋಳಾಗಿತ್ತು. ಕಿತ್ತ ಸಸಿಗಳನ್ನು ಕೇಶವ ಅಚ್ಚುಕಟ್ಟಾಗಿ ಒಟ್ಟಿ ಇಟ್ಟಿದ್ದ.

"ಎಂತಾ ಮಾಡಿದ್ರಿ ಇದು!"

"ಹುಲ್ಲಲ್ವೇನೆ?"

"ಬೆಂಡೆ ಸಸಿ ಅದು. ನಿನ್ನೆ ನೀವೇ ನೀರು ಹೊಯ್ದದ್ದು."

ಅವನು ಒಂದು ಸಸಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಗದರಿಸಿಕೊಂಡ ಮಗುವಿನಂತೆ ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಹೀರಾ ನೋಡಿರಲಿಲ್ಲ. ಅವಳು ಆ ಸಸಿಗಳನ್ನೇ ಮತ್ತೆ ನೆಟ್ಟಳು. ಒಂದೂ ಬದುಕಲಿಲ್ಲ.

ಕೊನೆಗೆ ಬೇಲಿಯ ಮೂಲೆಯಲ್ಲಿ ಖಾಲಿ ನೆಲ ಬಿಟ್ಟು, ಇದು ನಿಮ್ಮದು ಎಂದಳು. ಅಲ್ಲಿ ಏನೂ ಇರಲಿಲ್ಲ. ಆ ಬರಿಯ ಮಣ್ಣಿಗೆ ಅವನು ದಿನವೂ ನೀರು ಹಾಕುತ್ತಿದ್ದ. ಅಷ್ಟು ಹೊತ್ತು ಅವಳಿಗೆ ಅಡುಗೆ ಮಾಡಲು ಬಿಡುವು. ಅವನು ಬೇಲಿಯ ದಣಪೆ ದಾಟಿ ಹೊಳೆಯ ಕಡೆ ಹೊರಟರೆ ಗುಂಡ್ಯಾ ಬೊಗಳುತ್ತಿತ್ತು. ಅವಳು ಸೌಟು ಬಿಟ್ಟು ಓಡುತ್ತಿದ್ದಳು.

ಕೇಶವನಿಗೆ ಮಗನ ಹೆಸರು ಮರೆತುಹೋಯಿತು. ಬಂದರಿನ ಕೆಲಸ ಮುಗಿಸಿ ಬಂದ ಅಮಿತನನ್ನು "ಯಾರು ಬೇಕಿತ್ತು?" ಎಂದು ಕೇಳತೊಡಗಿದ. ಅಮಿತನಿಗೆ ಬಂದ ಸಂಬಂಧಗಳು ಜಗಲಿಯಲ್ಲಿ ಕೂತ ಅಪ್ಪನನ್ನು ನೋಡಿ ಹಾಗೆಯೇ ವಾಪಸಾದವು. ಹೀರಾಳನ್ನು ಕೆಲವು ದಿನ ತಂಗಿಯೆಂದ, ಕೆಲವು ದಿನ ಏನೂ ಅನ್ನಲಿಲ್ಲ. ಗುಂಡ್ಯಾನ ಹೆಸರು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಹೀರಾಳಿಗೆ ನಾಯಿಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕೆ ಅನ್ನ ಹಾಕುವಾಗ ಒಮ್ಮೊಮ್ಮೆ ತಟ್ಟೆಯನ್ನು ದೊಪ್ಪನೆ ಕುಕ್ಕುತ್ತಿದ್ದಳು.

ಮರುವರ್ಷದ ಮಳೆಗಾಲದಲ್ಲಿ ಗುಂಡ್ಯಾನಿಗೆ ಉಣ್ಣಿ ಕಚ್ಚಿ ಜ್ವರ ಬಂತು. ಅಮಿತ ರಿಕ್ಷಾದಲ್ಲಿ ಕಾರವಾರಕ್ಕೆ ಒಯ್ದು ಇಂಜೆಕ್ಷನ್ ಹಾಕಿಸಿದ. ಪ್ರಯೋಜನವಾಗಲಿಲ್ಲ. ಮೂಲೆಯ ಆ ನೆಲ ನೀರು ಕುಡಿದು ಕುಡಿದು ಮೆದುವಾಗಿತ್ತು. ಅಮಿತ ಅಲ್ಲೇ ಗುಂಡಿ ತೋಡಿ ನಾಯಿಯನ್ನು ಹುಗಿದ. ಕೇಶವ ಪಕ್ಕದಲ್ಲಿ ನಿಂತು ನೋಡಿದ.

ಮರುದಿನ ನೆರೆಮನೆಯ ಬೇಬಿ ಬೇಲಿಯಾಚೆಯಿಂದ ಕೂಗಿದಳು. "ವೈನೀ, ಬೇಗ ಬನ್ನಿ, ಭಾವ ಎಂತದೋ ಮಾಡ್ತಾರೆ!"

ಹೀರಾ ಹೋಗಿ ನೋಡಿದರೆ ಗುದ್ದಲಿ ಬದಿಗಿತ್ತು. ಕೇಶವ ಕೈಯಿಂದ ಮಣ್ಣು ಸರಿಸಿ ನಾಯಿಯ ತಲೆಯನ್ನು ಹೊರಗೆ ತೆಗೆದಿದ್ದ. ಅದರ ಮೂಗಿಗೆ ಹತ್ತಿದ ಕೆಸರನ್ನು ಬೆರಳಿನಿಂದ ಒರೆಸುತ್ತಿದ್ದ.

"ಉಸಿರು ಕಟ್ಟಿದೆ ಇದಕ್ಕೆ. ಯಾರೋ ಮೇಲೆ ಮಣ್ಣು ಹಾಕಿಬಿಟ್ಟಾರೆ," ಎಂದ.

ಹೀರಾ ಬೇಬಿಯ ನೆರವಿನಿಂದ ಅವನನ್ನು ಬಾವಿಕಟ್ಟೆಗೆ ಕರೆತಂದು ಕೈಕಾಲು ತೊಳೆದಳು. ಸಂಜೆ ಅಮಿತ ನಾಯಿಯನ್ನು ಗೋಣಿಯಲ್ಲಿ ಕಟ್ಟಿ ದೂರ ಒಯ್ದು ಹುಗಿದು ಬಂದ.

"ಗುಂಡ್ಯಾ ಎಲ್ಲಿ?" ಅಂದಿನಿಂದ ಅದೊಂದೇ ಪ್ರಶ್ನೆ. ಸತ್ತಿತು ಎಂದರೆ ಅವನಿಗೆ ಪ್ರತಿಸಲವೂ ಹೊಸ ಸುದ್ದಿ. ಎದೆ ಹಿಡಿದುಕೊಂಡು ಕೂತು ಅಳುತ್ತಿದ್ದ. ಅಳು ನಿಂತ ಮೇಲೆ ಕಣ್ಣೊರೆಸಿಕೊಂಡು ಮತ್ತೆ ಕೇಳುತ್ತಿದ್ದ.

"ಆಯೀ, ಸಾಕು. ಇನ್ನು ಸತ್ತದ್ದು ಹೇಳೂದು ಬೇಡ," ಎಂದ ಅಮಿತ.

ಹೀರಾ ಸುಳ್ಳು ಕಲಿತಳು. ಗುಂಡ್ಯಾ ಗದ್ದೆಗೆ ಹೋಗಿದೆ, ಈಗ ಬರ್ತದೆ. ಅವನು ದಣಪೆಯ ಹತ್ತಿರ ನಿಂತು ಕಾಯುತ್ತಿದ್ದ, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಈಗ ಬೊಗಳಿ ತಿಳಿಸುವವರು ಯಾರೂ ಇಲ್ಲದ್ದರಿಂದ ಅವಳೂ ಅಲ್ಲೇ ಕೂರಬೇಕು. ಹಿತ್ತಿಲಿಗೆ ಹೋಗುವುದು ತಪ್ಪಿತು. ಹರಿವೆ ಬಲಿತು ಹೂ ಬಿಟ್ಟಿತು, ಬದನೆಗೆ ಹುಳ ಬಿತ್ತು. ಬಸಳೆಯ ಚಪ್ಪರ ಗಾಳಿಗೆ ಕುಸಿದದ್ದು ಹಾಗೇ ಬಿದ್ದುಕೊಂಡಿತು. ಒಮ್ಮೆ ಬೇಬಿ ಒಂದು ಮರಿ ತಂದುಕೊಟ್ಟಳು. ಕೇಶವ ಅದಕ್ಕೆ ಕೋಲು ಬೀಸಿದ. ಬೇಬಿ ಅದನ್ನು ಎತ್ತಿಕೊಂಡು ಹೋದಳು.

ದೀಪಾವಳಿಯ ಸುಮಾರಿಗೆ ಒಂದು ದಿನ ಅವನು ಕೇಳಲಿಲ್ಲ. ಹೀರಾ ಚಾ ಕೊಟ್ಟಳು, ಕುಡಿದ. ಅನ್ನ ಕೊಟ್ಟಳು, ಉಂಡ. ಎಷ್ಟೋ ಸಲ ಬೇಸತ್ತು ಕಿವಿ ಮುಚ್ಚಿಕೊಂಡಿದ್ದ ಪ್ರಶ್ನೆಗಾಗಿ ಅವಳು ಸಂಜೆಯವರೆಗೂ ಕಾದಳು. ಕೊನೆಗೆ ತಡೆಯಲಾರದೆ ತಾನೇ ಹೇಳಿದಳು.

"ಗುಂಡ್ಯಾ ಇನ್ನೂ ಬರಲಿಲ್ಲ ನೋಡಿ."

ಕೇಶವ ಮುಖ ತಿರುಗಿಸಿದ. "ಯಾರು ಅಂವ?"

ಅವಳು ಗುಂಡ್ಯಾನ ಬಣ್ಣ ಹೇಳಿದಳು. ಖಾಕಿ ಅಂಗಿಯಲ್ಲಿ ಸುತ್ತಿ ತಂದದ್ದನ್ನು ಹೇಳಿದಳು. ಯಾರದೋ ಮನೆಯ ಕಥೆ ಕೇಳುವವನಂತೆ ಅವನು ಮರ್ಯಾದೆಯಿಂದ ತಲೆಯಾಡಿಸಿದ.

ಅಮಿತ ಬಂದಾಗ ಹೀರಾ ಜಗಲಿಯ ಕತ್ತಲಲ್ಲೇ ಕೂತಿದ್ದಳು. ದಣಪೆಯ ಹತ್ತಿರ ಯಾರೂ ಇರಲಿಲ್ಲ, ಕೇಶವ ಒಳಗೆ ಮಲಗಿದ್ದ.

"ದೀಪ ಹಾಕಲಿಲ್ವೇನೆ ಆಯಿ? ಬಾಬಾ ಇವತ್ತು ಕೇಳ್ಲಿಲ್ವ?"

"ಇಲ್ಲ. ಇನ್ನು ಕೇಳೂದಿಲ್ಲ."

ಅಮಿತ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತ. ಇಬ್ಬರೂ ಬಹಳ ಹೊತ್ತು ದೀಪ ಹಾಕಲು ಏಳಲಿಲ್ಲ.