ಬಾರದವರ ಪಟ್ಟಿ

ಅವರ ಬಲಗೈ ತೋರುಬೆರಳಿನ ಉಗುರು ಇದ್ದಿಲಿನಷ್ಟು ಕಪ್ಪಾಗಿತ್ತು. ಘಾಟ್ಕೋಪರ್‌ನಲ್ಲಿ ಅವರು ಕಾವಲಿದ್ದ ಸೊಸೈಟಿಯ ಕಬ್ಬಿಣದ ಗೇಟಿಗೆ ಸಿಕ್ಕಿ ಜಜ್ಜಿದ್ದು. ಆಮೇಲೆ ನೆಟ್ಟಗೆ ಬೆಳೆಯಲೇ ಇಲ್ಲ. ಪ್ರತಿ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಆ ಕಪ್ಪು ಉಗುರು ಒಂದು ನೋಟ್‌ಬುಕ್ಕಿನ ಸಾಲುಗಳ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಧಾರಾವಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹಾಜರಿ ನೋಡುವ ಕೆಲಸ ಅವರದು. ನಾವೆಲ್ಲ ಅವರನ್ನು ವಾಚ್‌ಮನ್ ಕಾಕಾ ಅಂತಲೇ ಕರೆಯುತ್ತಿದ್ದೆವು.

ರಾತ್ರಿ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ ಲೋಕಲ್ ಹಿಡಿದು ಬಂದು, ಬಾಗಿಲ ಪಕ್ಕದ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಪ್ರಸಂಗದ ನಡುವೆ ತೂಕಡಿಸುತ್ತಿದ್ದರು ಕೂಡ. ಆದರೆ ಯಾರು ಬಂದಿಲ್ಲ ಎಂಬುದು ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಅವರ ಹಾಜರಿಯ ರೀತಿಯೇ ಬೇರೆ. ಬಂದವರ ಹೆಸರು ಬರೆಯುತ್ತಿರಲಿಲ್ಲ, ಬಾರದವರದು ಮಾತ್ರ. ಹೆಸರಿನ ಮುಂದೆ ಕಾರಣಕ್ಕೆಂದು ಜಾಗ ಬಿಡುತ್ತಿದ್ದರು. "ಆಕಿಗಿ ಜ್ವರ ಅಂತ್ರೀ ಕಾಕಾ" ಎಂದು ಪಕ್ಕದ ಮನೆಯವರು ಹೇಳಿದರೂ ಅದನ್ನು ತುಂಬುತ್ತಿರಲಿಲ್ಲ. "ಅವರ ಬಾಯಿಂದ ಕೇಳಿ ಬರೀತೀನವ್ವ. ಮಂದಿ ಹೇಳಿದ್ದು ಕಾರಣ ಅಲ್ಲ, ಸುದ್ದಿ." ಕೇಳುವುದಕ್ಕೆ ಅವತ್ತೇ ಮನೆಗೆ ಹೋಗುತ್ತಿದ್ದರು. ನಿದ್ದೆಗೆಟ್ಟ ಕಣ್ಣಲ್ಲಿ, ಒಂದು ಲೋಟ ನೀರು ಬಿಟ್ಟು ಏನನ್ನೂ ಮುಟ್ಟದೆ, ನಾಲ್ಕೈದು ಒಂಟಿಕೋಣೆಯ ಖೋಲಿ ಸುತ್ತಿ ಆಮೇಲೆ ಮಲಗಲು ಹೋಗುತ್ತಿದ್ದರು.

ಒಮ್ಮೆ ಹೊಸದಾಗಿ ಬಂದ ಸಭಾಪಾಲಕ ಅಯ್ಯನವರು ವಾರ್ಷಿಕ ವರದಿಗೆಂದು ಕೇಳಿದರು, "ಸರಾಸರಿ ಎಷ್ಟು ಜನ ಬರ್ತಾರೆ?"

"ಬಂದವರು ಎಷ್ಟು ಅಂತ ನಂಗೊತ್ತಿಲ್ರೀ ಅಯ್ಯನವರೆ. ಬರದವರು ಇವತ್ತ ಏಳು ಮಂದಿ."

ಅಯ್ಯನವರು ತಲೆ ಚಚ್ಚಿಕೊಂಡು ತಾವೇ ಎದ್ದು ಎಣಿಸಿದರು.

ಹುಡುಗರಿಗಂತೂ ಕಾಕಾನನ್ನು ಕಾಡುವುದೇ ಆಟ. "ಕಾಕಾ, ಸ್ವರ್ಗದ ಗೇಟಿಗೂ ನಿಮ್ಮದ ಡ್ಯೂಟಿ ಏನ್ರೀ?" ಎನ್ನುತ್ತಿದ್ದರು. "ಅಲ್ಲಿಗಿ ಬ್ಯಾರೆಯವ ಅದಾನ. ನಂದು ಇಲ್ಲೀದು ಅಷ್ಟ" ಎಂದು ಕಾಕಾ ನೋಟ್‌ಬುಕ್ ಮುಚ್ಚುತ್ತಿದ್ದರು. ನಾನೂ ನಕ್ಕವಳೇ. ಮನೆಮನೆಗೆ ಹೋಗಿ ಕೆದಕುವುದು ಯಾಕೆ ಎಂದು ಗೊಣಗಿದವಳೂ ಹೌದು.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಅವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಗಾಯ ಬೇಗ ಮಾಯಲಿಲ್ಲ. ಅಪ್ಪ ಚರ್ಮದ ಕಾರ್ಖಾನೆಗೆ ಹೋಗಲೇಬೇಕು. ಆರು ವಾರ ಆಸ್ಪತ್ರೆಯಲ್ಲಿ ಅವ್ವನ ಹಾಸಿಗೆ ಪಕ್ಕ ನಾನೇ ಇದ್ದೆ. ಭಾನುವಾರ ಭಾನುವಾರ ಕಾಕಾ ವಾರ್ಡಿಗೇ ಬಂದು ಕಾರಣ ಕೇಳಿಕೊಂಡು ಹೋಗುತ್ತಿದ್ದರು. ಬಾರದಿದ್ದರೆ ಕಾಲೇಜಿಗೆ ಅರ್ಜಿ ಕೊಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಾದರೂ ಯಾರಿದ್ದರು?

ಮರಳಿ ಹೋದಾಗ ನೋಟಿಸ್ ಬೋರ್ಡಿನಲ್ಲಿ ಡಿಫಾಲ್ಟರ್ ಲಿಸ್ಟ್ ಅಂಟಿಸಿದ್ದರು. ಹಾಜರಿ ಕಡಿಮೆ ಇದ್ದವರಿಗೆ ಪರೀಕ್ಷೆ ಇಲ್ಲ. ನನ್ನ ಹೆಸರು, ರೋಲ್ ನಂಬರ್, ಶೇಕಡಾ ನಲವತ್ತೊಂದು. ಅಷ್ಟೇ. ಅಲ್ಲಿ ಕಾರಣಕ್ಕೆ ಜಾಗ ಇರಲಿಲ್ಲ.

ಆಸ್ಪತ್ರೆಯ ಕಾಗದ ತೋರಿಸೋಣವೆಂದರೆ, ಆ ಮಳೆಗಾಲದಲ್ಲಿ ಖೋಲಿಗೆ ನೀರು ನುಗ್ಗಿ ಎಲ್ಲ ಹಿಟ್ಟಾಗಿತ್ತು. ನಕಲು ಸಿಗಲು ಹತ್ತು ದಿನ. ಪರೀಕ್ಷೆಯ ಫಾರ್ಮ್ ತುಂಬಲು ಇದ್ದದ್ದು ಎರಡು ದಿನ. "ಇರಲಿ ಬಿಡು, ಪರ್ಸಿಗೆ ಜಿಪ್ ಹೊಲಿಯೋ ಕೆಲಸ ಐತಿ" ಎಂದು ಅಪ್ಪ ಮುಖ ತಿರುಗಿಸಿದರು. ಅವರಿಗೂ ಅಳು ಬಂದಿತ್ತು.

ಆ ಭಾನುವಾರ ನಾನು ಸಭೆಗೆ ಹೋಗಲಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ಕಾಕಾ. "ಅವ್ವ ಮನಿಗಿ ಬಂದಾಳ. ಇವತ್ತ ನೀ ಯಾಕ ಬರಲಿಲ್ಲವ್ವ?" ಹೇಳಿದೆ. ಅವರು ಕಾರಣ ಬರೆದುಕೊಳ್ಳಲಿಲ್ಲ. ಹಿಂದಿನ ಹಾಳೆಗಳನ್ನು ತಿರುವಿ ನೋಡಿದರು. "ನಾಳಿ ನಿನ್ನ ಕಾಲೇಜಿಗಿ ನಾನೂ ಬರ್ತೀನಿ" ಎಂದರು.

ಕಾಲೇಜಿನ ಕ್ಲರ್ಕ್ ನೋಟ್‌ಬುಕ್ ನೋಡಿ, ಚರ್ಚಿನ ಹಾಜರಿ ಇಲ್ಲಿ ನಡೆಯುವುದಿಲ್ಲ ಎಂದುಬಿಟ್ಟ. ಕಾಕಾ ಹೊರಗೆ ನಿಂತರು. ಗೇಟಿನಲ್ಲಿ ನಿಂತು ಅಭ್ಯಾಸವಾದ ಮನುಷ್ಯ. ಎರಡು ಗಂಟೆ ಅಲ್ಲಾಡಲಿಲ್ಲ. ಕೊನೆಗೆ ವೈಸ್ ಪ್ರಿನ್ಸಿಪಾಲ್ ಮೇಡಂ ತಾವೇ ಒಳಗೆ ಕರೆದರು.

ಕಾಕಾ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿ, ನನ್ನ ಹೆಸರಿನ ಸಾಲೊಂದನ್ನು ಬಿಟ್ಟು ಉಳಿದ ಹಾಳೆಯ ಮೇಲೆ ತಮ್ಮ ಟೋಪಿ ಇಟ್ಟರು. ಅದು ಯಾಕೆ ಎಂದು ಮೇಡಂ ಕೇಳಿದರು. "ವೋ ದೂಸ್ರೇ ಘರ್ ಕಾ ಹೈ, ಮೇಡಂ." ಮೇಡಂಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಹಾಳೆ ತಿರುವಿದಾಗಲೆಲ್ಲ ಟೋಪಿ ಸರಿಯಿತು, ಮತ್ತೊಬ್ಬರ ಮನೆಯ ಕಷ್ಟ ಮುಚ್ಚಿಯೇ ಇತ್ತು.

ಕಪ್ಪು ಉಗುರು ಇಟ್ಟು, ತಮ್ಮ ಗೇಟಿನ ಹಿಂದಿಯಲ್ಲಿ ಒಂದೊಂದು ಭಾನುವಾರದ್ದೂ ಓದಿದರು. ತಾಯಿಗೆ ಆಪರೇಷನ್, ಮಗಳು ವಾರ್ಡಿನಲ್ಲಿ. ಹೊಲಿಗೆ ಬಿಚ್ಚಿಲ್ಲ. ಆಮೇಲೆ, ಬರೆದಿಟ್ಟಿದ್ದಾರೆಂದು ನನಗೇ ಗೊತ್ತಿಲ್ಲದ ಒಂದು ಸಾಲು: "ಕಾಲೇಜಿಗೂ ಹೋಗಿಲ್ಲ. ಹೋಗು ಅಂದೆ. ಅವ್ವನ್ನ ಯಾರು ನೋಡ್ತಾರ ಅಂದಳು. ಪುಸ್ತಕ ಹಾಸಿಗಿ ಕೆಳಗ ಇಟ್ಟಾಳ."

ಆರು ವಾರದ ಆರು ಸಾಲು, ಬೇರೆ ಬೇರೆ ಪೆನ್ನಿನ ಶಾಯಿ. ಮೇಡಂ ಅದನ್ನು ಬೆರಳಿಂದ ಸವರಿ ನೋಡಿದರು. ಹದಿನೈದು ದಿನದೊಳಗೆ ಆಸ್ಪತ್ರೆಯ ನಕಲು ತರಬೇಕೆಂಬ ಷರತ್ತಿನ ಮೇಲೆ ಫಾರ್ಮಿಗೆ ಸಹಿ ಹಾಕಿದರು. ಹತ್ತನೇ ದಿನಕ್ಕೆ ತಂದುಕೊಟ್ಟೆ.

ನಾನು ಪದವೀಧರೆ. ನಮ್ಮ ವಂಶದಲ್ಲಿ ಮೊದಲನೆಯವಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಈಗ ಸಾಂತಾಕ್ರೂಜ್‌ನಲ್ಲಿ ಆಫೀಸು, ಮೇಜಿನ ಮೇಲೆ ಕಂಪ್ಯೂಟರು.

ಕಾಕಾಗೆ ಕಣ್ಣು ಮಂಜಾದ ಮೇಲೆ ನೋಟ್‌ಬುಕ್ ನನ್ನ ಕೈಗೆ ಬಂತು. ಉಬ್ಬಸದಿಂದ ಅವರು ಮೊದಲ ಸಲ ಸಭೆಗೆ ಬಾರದ ದಿನ ಅವರ ಹೆಸರನ್ನೂ ಬರೆದು ಮನೆಗೆ ಹೋದೆ. ಚಾಪೆಯ ಮೇಲೆ ಒರಗಿದ್ದವರು ನೋಟ್‌ಬುಕ್ಕಿಗೆ ಕೈ ಚಾಚಿದರು. ಕಣ್ಣಿಗೆ ಹತ್ತಿರ ಹಿಡಿದು, ತಮ್ಮ ಹೆಸರಿನ ಮುಂದೆ ಏನೂ ಬರೆದಿಲ್ಲವೆಂದು ನೋಡಿ ನಕ್ಕರು. "ಶಹಾಣಿ ಇದ್ದಿ. ಈಗ ಕೇಳು."

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಮುಗಿದ ಮೊದಲ ಭಾನುವಾರ ಬಾಗಿಲ ಬೆಂಚಿನಲ್ಲಿ ಕೂತು ಅವರ ಹೆಸರು ಬರೆದೆ. ಕಾರಣ ಬರೆಯಲಿಲ್ಲ, ಕೇಳದೆ ಬರೆಯಬಾರದು. ಆ ಜಾಗ ಈಗಲೂ ಖಾಲಿ ಇದೆ.

ಅವತ್ತು ಬಾರದವರು ಇನ್ನೂ ಮೂವರಿದ್ದರು. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೊರಟೆ.